ಖಾಲಿ ಕ್ಯಾಸೆಟ್ಟಿಗೆ ಸಂಗೀತದ ಸುಂಕ

ಪಶ್ಚಿಮ ಜರ್ಮನಿಯಲ್ಲಿ 1985ರ ಜುಲೈ 1ರಿಂದ ಈಚೆಗೆ ತೊಂಬತ್ತು ನಿಮಿಷದ ಒಂದು ಖಾಲಿ ಕ್ಯಾಸೆಟ್ಟು ಕೊಂಡವರು, ತಮಗೆ ತಿಳಿದೋ ತಿಳಿಯದೆಯೋ, 18 ಫೆನ್ನಿಗ್ ಹಣವನ್ನು ಸಂಗೀತಗಾರರ ಮತ್ತು ಸಂಗೀತ ವ್ಯಾಪಾರಿಗಳ ಸಂಘಗಳಿಗೆ ಸಲ್ಲಿಸುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಹಾಡಿರಲಿಲ್ಲ. ಹೊದಿಕೆಯ ಮೇಲೆ ಯಾವ ಗಾಯಕನ ಚಿತ್ರವೂ ಇರಲಿಲ್ಲ. ಅಂಗಡಿಯ ಬೆಲೆಚೀಟಿಯಲ್ಲಿ ಕಾಣುತ್ತಿದ್ದುದು ಒಂದೇ ಮೊತ್ತ. ಆದರೂ ಗಂಟೆಗೆ 12 ಫೆನ್ನಿಗ್‌ನಂತೆ ಲೆಕ್ಕ ಹಾಕಿ, ತಯಾರಕನಿಂದ ಅಥವಾ ಆಮದುದಾರನಿಂದ ವಸೂಲು ಮಾಡಿದ ಈ ಹಣ ಕೊನೆಗೆ ಕೊಳ್ಳುವವನ ಜೇಬಿನಿಂದಲೇ ಬರುತ್ತಿತ್ತು.

ಆ ಕಾಲದಲ್ಲಿ ಈ ದೇಶದ ಕನ್ನಡ ಮನೆಗಳಲ್ಲಿ ಖಾಲಿ ಕ್ಯಾಸೆಟ್ಟಿನ ಮೇಲೆ ಏನೇನು ದಾಖಲಾಗುತ್ತಿತ್ತು ಎಂಬುದು ನಮ್ಮ ಸಂಘದ ಹಿರಿಯ ಸದಸ್ಯರಿಗೆ ಗೊತ್ತು. ಊರಿಗೆ ಹೋದವರು ತಂದ ಚಿತ್ರಗೀತೆಗಳ ಪ್ರತಿ, ಅದರ ಪ್ರತಿಯ ಪ್ರತಿ. ಅಜ್ಜಿಗೆ ಕಳಿಸಲು ಮಗುವಿನ ತೊದಲು ಮಾತು. ಅಲ್ಲಿಂದ ಬಂದ ಸಂಪ್ರದಾಯದ ಹಾಡು, ಹಸೆಯ ಹಾಡು. ಸಂಘದ ನಾಟಕದ ತಾಲೀಮು. ಇವುಗಳಲ್ಲಿ ಕೆಲವಕ್ಕೆ ಸಂಗೀತ ಉದ್ಯಮದೊಡನೆ ನಿಜವಾಗಿಯೂ ಸಂಬಂಧವಿತ್ತು, ಬಹಳಷ್ಟಕ್ಕೆ ಏನೂ ಇರಲಿಲ್ಲ. ಸುಂಕ ಮಾತ್ರ ಎಲ್ಲಕ್ಕೂ ಒಂದೇ. ಈ ವಿಚಿತ್ರ ಹೇಗೆ ಹುಟ್ಟಿತು, ಯಾಕೆ ಮುಚ್ಚಿಟ್ಟ ರೂಪದಲ್ಲೇ ಹುಟ್ಟಿತು, ಆ ಹಣ ಯಾರ ಕೈ ಸೇರಿತು ಎಂಬುದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಬೇಕೆಂದು ಹೊರಟಿದ್ದೇವೆ. ಟೇಪಿಗೆ ಬಳಿಯುವ ಬಣ್ಣ ರಸಾಯನಶಾಸ್ತ್ರಕ್ಕೆ ಸೇರಿದ್ದಾದ್ದರಿಂದ ನಡುವೆ ಅದರ ಮಾತೂ ಸ್ವಲ್ಪ ಬರುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಕೇಳುಗನಿಂದ ನೇರವಾಗಿ ಕೇಳದೆ, ಅವನು ಕೊಳ್ಳುವ ಬೇರೊಂದು ವಸ್ತುವಿನ ಬೆಲೆಯೊಳಗೆ ಸಂಗೀತದ ಬೆಲೆಯನ್ನು ಸೇರಿಸುವ ಪದ್ಧತಿ ಕ್ಯಾಸೆಟ್ಟಿಗಿಂತ ಬಹಳ ಹಳೆಯದು. ಅದರ ಮೂಲ ಪ್ಯಾರಿಸಿನ ಒಂದು ಹೋಟೆಲಿನಲ್ಲಿದೆ. 1847ರಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರ ತನ್ನ ಗೆಳೆಯರೊಡನೆ ಕಾಫೆ ದೇಸಾಂಬಾಸಾದರ್ ಎಂಬಲ್ಲಿ ಕುಳಿತು ಸಕ್ಕರೆ ನೀರು ಕುಡಿದ. ಅಲ್ಲಿನ ವಾದ್ಯಗಾರರು ಅವನದೇ ಕೃತಿಯನ್ನು ನುಡಿಸುತ್ತಿದ್ದರು. ಕುಡಿದದ್ದರ ಹಣ ಕೇಳಿದಾಗ, ನನ್ನ ಹಾಡಿಗೆ ನೀವು ಕೊಡುವುದಿಲ್ಲ, ನಿಮ್ಮ ಪಾನಕಕ್ಕೆ ನಾನೂ ಕೊಡುವುದಿಲ್ಲ ಎಂಬುದು ಅವನ ವಾದವಾಯಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ಬೂರ್ಜೆಯ ಪಕ್ಷವೇ ಗೆದ್ದಿತು. 1851ರಲ್ಲಿ ಫ್ರಾನ್ಸಿನ ಗೀತಕಾರರು, ಸಂಗೀತ ಸಂಯೋಜಕರು ಮತ್ತು ಪ್ರಕಾಶಕರು ಸೇರಿ ಸಾಸೆಮ್ ಎಂಬ ಸಂಘ ಕಟ್ಟಿದರು. ಹೋಟೆಲು, ನಾಟ್ಯಶಾಲೆಗಳಿಂದ ಒಟ್ಟಾಗಿ ವಸೂಲು ಮಾಡಿ ಸದಸ್ಯರಿಗೆ ಹಂಚುವುದು ಅದರ ಕೆಲಸ. ಹೋಟೆಲಿನವನೇನೂ ಆ ಹಣವನ್ನು ತನ್ನ ಗಂಟಿನಿಂದ ಕೊಡಲಿಲ್ಲ. ಅಂದಿನಿಂದ ಪ್ಯಾರಿಸಿನಲ್ಲಿ ಕಾಫಿ ಕುಡಿದವರೆಲ್ಲ ಸ್ವಲ್ಪ ಸ್ವಲ್ಪ ಹಾಡಿಗೂ ಕೊಟ್ಟಿದ್ದಾರೆ.

ಜರ್ಮನಿಯಲ್ಲಿ ಇಂಥ ಸಂಸ್ಥೆ ಬಂದದ್ದು 1903ರಲ್ಲಿ. ಅದನ್ನು ಕಟ್ಟಿದವರಲ್ಲಿ ರಿಚರ್ಡ್ ಸ್ಟ್ರೌಸ್ ಪ್ರಮುಖ. ಹೆಸರು, ರೂಪ ಹಲವು ಸಲ ಬದಲಾಗಿ, ಮಹಾಯುದ್ಧದ ನಂತರ ಅದರ ವಾರಸುದಾರ ಸಂಸ್ಥೆ ಗೇಮಾ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅಮೆರಿಕದಲ್ಲಿ 1914ರಲ್ಲಿ ಆಸ್ಕ್ಯಾಪ್ ಹುಟ್ಟಿತು. ಅಲ್ಲಿಯ ಸಂಗೀತ ಸಂಯೋಜಕ ವಿಕ್ಟರ್ ಹರ್ಬರ್ಟ್ ನ್ಯೂಯಾರ್ಕಿನ ಶ್ಯಾನ್ಲಿ ಎಂಬ ಭೋಜನಶಾಲೆಯ ಮೇಲೆ ಹೂಡಿದ ದಾವೆ 1917ರಲ್ಲಿ ಸರ್ವೋಚ್ಚ ನ್ಯಾಯಾಲಯ ಮುಟ್ಟಿತು. ಸಂಗೀತಕ್ಕೆಂದು ನಾವು ಟಿಕೆಟ್ಟು ಮಾರುವುದಿಲ್ಲವಲ್ಲ ಎಂದು ಭೋಜನಶಾಲೆಯವರು ಹೇಳಿದರು. ನ್ಯಾಯಮೂರ್ತಿ ಹೋಮ್ಸ್ ಅವರ ತೀರ್ಪಿನ ಸಾರ ಇಷ್ಟು: ಊಟಕ್ಕೆ ಬರುವವನು ಕೊಡುವ ಹಣದಲ್ಲಿ ಸಂಗೀತದ ಪಾಲೂ ಇದೆ, ಲಾಭವಿಲ್ಲದಿದ್ದರೆ ಮಾಲೀಕ ಅದನ್ನು ನಿಲ್ಲಿಸಿಬಿಡುತ್ತಿದ್ದ. ಅಡಗಿದ ಬೆಲೆ ಎಂಬ ಸಂಗತಿಯನ್ನು ಒಂದು ದೊಡ್ಡ ನ್ಯಾಯಾಲಯ ಇಷ್ಟು ಬಿಡಿಸಿ ಹೇಳಿದ್ದು ಅಪರೂಪ.

ಇಲ್ಲಿಯವರೆಗೆ ಹಣ ಕೊಡಬೇಕಾದವನು ಹೋಟೆಲಿನವನು, ಅಂದರೆ ಹತ್ತು ಜನರ ಕಣ್ಣಿಗೆ ಬೀಳುವವನು. ಮನೆಯೊಳಗೆ ಒಬ್ಬನೇ ಕುಳಿತು ಪ್ರತಿ ಮಾಡಿಕೊಳ್ಳುವವನ ಪ್ರಶ್ನೆ ಆಗಿನ್ನೂ ಎದ್ದಿರಲಿಲ್ಲ. ಜರ್ಮನಿಯ 1901ರ ಕೃತಿಸ್ವಾಮ್ಯದ ಕಾನೂನು, ಹಣ ಮಾಡುವ ಉದ್ದೇಶವಿಲ್ಲದಿದ್ದರೆ ಸ್ವಂತ ಉಪಯೋಗಕ್ಕೆ ಪ್ರತಿ ತೆಗೆದುಕೊಳ್ಳಲು ಅಡ್ಡಿಯಿಲ್ಲವೆಂದಿತ್ತು. ಪ್ರತಿ ತೆಗೆಯುವುದೆಂದರೆ ಆಗ ಸ್ವರಲಿಪಿಯನ್ನು ಲೇಖನಿಯಿಂದ ನಕಲು ಮಾಡುವುದು. ರಾತ್ರಿಯೆಲ್ಲ ಕುಳಿತು ಬರೆಯುವ ತಾಳ್ಮೆ ಎಷ್ಟು ಜನಕ್ಕಿದ್ದೀತು?

ಈ ನೆಮ್ಮದಿಯನ್ನು ಕೆಡಿಸಿದ್ದು ಕಬ್ಬಿಣ. ಡ್ರೆಸ್ಡನ್ನಿನ ಫ್ರಿಟ್ಸ್ ಫ್ಲಾಯ್ಮರ್ ಎಂಬ ಎಂಜಿನಿಯರು ಸಿಗರೇಟಿನ ತುದಿಗೆ ಚಿನ್ನದ ಬಣ್ಣದ ಪಟ್ಟಿ ಹಾಕಲು ಕಾಗದದ ಮೇಲೆ ಲೋಹದ ಪುಡಿ ಅಂಟಿಸುವ ವಿಧಾನ ಕಂಡುಹಿಡಿದಿದ್ದ. ಅದೇ ಉಪಾಯದಿಂದ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿದರೆ ಶಬ್ದವನ್ನು ಕಾಂತರೂಪದಲ್ಲಿ ಹಿಡಿದಿಡಬಹುದೆಂದು ತೋರಿಸಿ, 1928ರಲ್ಲಿ ಪೇಟೆಂಟು ಪಡೆದ. ಹಕ್ಕನ್ನು ಎ.ಇ.ಜಿ. ಕಂಪೆನಿ ಕೊಂಡಿತು. ಕಾಗದ ಬಲು ಬೇಗ ಹರಿಯುತ್ತಿದ್ದುದರಿಂದ ಅವರು ಲುಡ್‌ವಿಗ್ಸ್‌ಹಾಫೆನ್ನಿನ ಬಿ.ಎ.ಎಸ್.ಎಫ್. ಕಾರ್ಖಾನೆಯ ನೆರವು ಕೇಳಿದರು. ಅಲ್ಲಿಯ ರಸಾಯನಜ್ಞರ ಬಳಿ ಕಾರ್ಬೊನಿಲ್ ಕಬ್ಬಿಣವೆಂಬ ಬಹು ನುಣುಪಾದ ಪುಡಿ ಆಗಲೇ ಸಿದ್ಧವಾಗಿತ್ತು; ದೂರವಾಣಿಯ ಸುರುಳಿಗಳಿಗೆಂದು ಮಾಡುತ್ತಿದ್ದರು. ಅದನ್ನು ಸೆಲ್ಯುಲೋಸ್ ಅಸಿಟೇಟಿನ ಪಟ್ಟಿಯ ಮೇಲೆ ಬಳಿದು 1934ರಲ್ಲಿ ಐವತ್ತು ಸಾವಿರ ಮೀಟರು ಟೇಪು ಕೊಟ್ಟರು. 1935ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಯಂತ್ರ ಜನರ ಮುಂದೆ ಬಂತು. 1936ರ ನವೆಂಬರ್ 19ರಂದು ಥಾಮಸ್ ಬೀಚಮ್ ಅವರ ಲಂಡನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ ಅದೇ ಕಾರ್ಖಾನೆಯ ಸಭಾಭವನದಲ್ಲಿ ಕಚೇರಿ ನಡೆಸಿದಾಗ ಅದನ್ನು ಟೇಪಿನಲ್ಲಿ ಹಿಡಿದರು.

ಮುಂದೆ ಬರಿಯ ಕಬ್ಬಿಣ ಹೋಗಿ ಅದರ ಆಕ್ಸೈಡು ಬಂತು. ಕ್ಯಾಸೆಟ್ಟಿನ ಟೇಪು ಕಂದು ಬಣ್ಣಕ್ಕಿರುವುದು ಇದರಿಂದ. ನಮ್ಮ ಊರುಗಳಲ್ಲಿ ಹಬ್ಬಕ್ಕೆ ಗೋಡೆಗೆ ಕಾರಣೆ ಬಳಿಯುವ ಕೆಮ್ಮಣ್ಣಿಗೂ ಈ ಗಾಮಾ ಫೆರಿಕ್ ಆಕ್ಸೈಡಿಗೂ ರಾಸಾಯನಿಕ ಸೂತ್ರ ಒಂದೇ, ಎರಡು ಪರಮಾಣು ಕಬ್ಬಿಣಕ್ಕೆ ಮೂರು ಆಮ್ಲಜನಕ. ಹರಳಿನೊಳಗೆ ಪರಮಾಣುಗಳು ಕುಳಿತಿರುವ ಕ್ರಮ ಮಾತ್ರ ಬೇರೆ. ಕೆಮ್ಮಣ್ಣು ಹಾಡನ್ನು ನೆನಪಿಟ್ಟುಕೊಳ್ಳಲಾರದು, ಇದು ಇಟ್ಟುಕೊಳ್ಳುತ್ತದೆ. ಅಗ್ಗದ ವಸ್ತು, ಅಳಿಸಿ ಮತ್ತೆ ಬರೆಯಬಹುದು, ಯಾರು ಬೇಕಾದರೂ ಬರೆಯಬಹುದು. ಸಂಗೀತ ವ್ಯಾಪಾರಕ್ಕೆ ತೊಂದರೆ ಶುರುವಾದದ್ದು ಈ ಮೂರನೆಯ ಗುಣದಿಂದ.

ಐವತ್ತರ ದಶಕದ ಆರಂಭದಲ್ಲಿ ಗ್ರುಂಡಿಗ್ ಮೊದಲಾದ ಕಂಪೆನಿಗಳು ಮನೆಬಳಕೆಯ ಟೇಪ್ ರೆಕಾರ್ಡರುಗಳನ್ನು ಮಾರುಕಟ್ಟೆಗೆ ತಂದವು. ರೇಡಿಯೊದಲ್ಲಿ ಬರುವ ಹಾಡನ್ನು ಹಿಡಿದುಕೊಳ್ಳಿ, ಗ್ರಾಮಾಫೋನ್ ತಟ್ಟೆಯಿಂದ ಪ್ರತಿ ಮಾಡಿಕೊಳ್ಳಿ ಎಂಬುದೇ ಇವುಗಳ ಆಕರ್ಷಣೆ. ಗೇಮಾ ದಾವೆ ಹೂಡಿತು. ಕಾರ್ಲ್ಸ್‌ರೂಹೆಯ ಉಚ್ಚತಮ ನ್ಯಾಯಾಲಯ 1955ರ ಮೇ 18ರಂದು ತೀರ್ಪು ಕೊಟ್ಟಿತು. ಗ್ರುಂಡಿಗ್ಗಿನ ಯಂತ್ರದ ಹೆಸರಿನಿಂದ ಅದನ್ನು ಗ್ರುಂಡಿಗ್ ರಿಪೋರ್ಟರ್ ತೀರ್ಪೆಂದೇ ಕರೆಯುತ್ತಾರೆ. 1901ರ ಕಾನೂನು ಮಾಡಿದವರ ಕಣ್ಣ ಮುಂದೆ ಇಂಥ ಯಂತ್ರ ಇರಲಿಲ್ಲ. ಆದ್ದರಿಂದ ಆ ಕಾನೂನಿನ ವಿನಾಯಿತಿ ಟೇಪಿಗೆ ಅನ್ವಯಿಸದು. ಮನೆಯಲ್ಲಿ ಮಾಡಿಕೊಂಡರೂ ಅನುಮತಿ ಬೇಕು, ಎಂದಿತು ನ್ಯಾಯಾಲಯ.

ತೀರ್ಪೇನೋ ಬಂತು. ಯಾರ ಮನೆಯಲ್ಲಿ ಯಾರು ಏನನ್ನು ದಾಖಲಿಸಿಕೊಳ್ಳುತ್ತಿದ್ದಾರೆಂದು ತಿಳಿಯುವುದು ಹೇಗೆ? ರಾತ್ರಿ ಎಂಟು ಗಂಟೆಗೆ ಪರದೆ ಎಳೆದುಕೊಂಡು ರೇಡಿಯೊದ ಮುಂದೆ ಕುಳಿತವನ ಮನೆಯ ಕರೆಗಂಟೆ ಒತ್ತುವವರಾರು? ಆಗ ಗೇಮಾ ಒಂದು ಬೇಡಿಕೆ ಇಟ್ಟಿತು. ಯಂತ್ರ ಕೊಳ್ಳಲು ಬಂದವನಿಂದ ಅಂಗಡಿಯವನು ಗುರುತಿನ ಚೀಟಿ ಕೇಳಬೇಕು, ಅವನ ಹೆಸರು ವಿಳಾಸಗಳನ್ನು ಗೇಮಾಕ್ಕೆ ತಿಳಿಸಬೇಕು, ಇದನ್ನು ತಯಾರಕರು ತಮ್ಮ ವ್ಯಾಪಾರಿಗಳಿಂದ ಮಾಡಿಸಬೇಕು. ಟೇಪ್ ರೆಕಾರ್ಡರು ಕೊಳ್ಳುವುದೆಂದರೆ ಬಂದೂಕು ಕೊಂಡಂತಾಗುತ್ತಿತ್ತು.

ಈ ವ್ಯಾಜ್ಯದ ತೀರ್ಪು 1964ರ ಮೇ 29ರಂದು ಬಂತು. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇಲ್ಲಿದೆ. ನ್ಯಾಯಾಲಯ ಗೇಮಾದ ಬೇಡಿಕೆಯನ್ನು ತಳ್ಳಿಹಾಕಿತು. ಹೆಸರು ವಿಳಾಸ ಸಿಕ್ಕಿದರೂ, ಮನೆಯೊಳಗೆ ಹೊಕ್ಕು ನೋಡದೆ ಅಪರಾಧ ತಿಳಿಯದು. ಮನೆಯ ಅಭೇದ್ಯತೆಯನ್ನು ದೇಶದ ಮೂಲ ಕಾನೂನಿನ 13ನೆಯ ವಿಧಿ ಕಾಪಾಡುತ್ತದೆ. ಅದಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಜರ್ಮನರು ಬಾಗಿಲು ಬಡಿಯುವ ಸದ್ದಿಗೆ ಎಷ್ಟು ಬೆದರಿದ್ದರೆಂಬುದನ್ನು ನೆನೆದರೆ ಆ ವಿಧಿಯ ಬೆಲೆ ಅರ್ಥವಾಗುತ್ತದೆ. ಆದರೆ ನ್ಯಾಯಾಲಯ ಅಷ್ಟಕ್ಕೇ ನಿಲ್ಲದೆ ಒಂದು ದಾರಿಯನ್ನೂ ಸೂಚಿಸಿತು. ಯಂತ್ರ ಮಾಡಿ ಲಾಭ ಪಡೆಯುವ ತಯಾರಕನಿಂದಲೇ ಹಣ ಕೇಳಬಹುದಲ್ಲ, ಅವನು ಅದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬಹುದಲ್ಲ, ಎಂದು.

ಮರುವರ್ಷ, 1965ರ ಸೆಪ್ಟೆಂಬರ್ 9ರಂದು ಹೊರಬಂದ ಹೊಸ ಕೃತಿಸ್ವಾಮ್ಯ ಕಾನೂನು ಇದನ್ನೇ ಅಂಗೀಕರಿಸಿತು. ಮನೆಯ ಪ್ರತಿಗೆ ಮತ್ತೆ ಅನುಮತಿ ಬೇಡವೆಂದಾಯಿತು. ಅದಕ್ಕೆ ಬದಲಾಗಿ ತಯಾರಕನು ಪ್ರತಿ ಯಂತ್ರದ ಮಾರಾಟದ ಹಣದಲ್ಲಿ ಹೆಚ್ಚೆಂದರೆ ಶೇಕಡಾ 5ನ್ನು ಕೃತಿಕಾರರಿಗೆ, ಕಲಾವಿದರಿಗೆ ಮತ್ತು ತಟ್ಟೆ ತಯಾರಿಸುವವರಿಗೆ ಕೊಡತಕ್ಕದ್ದು. ಲೋಕದಲ್ಲಿ ಇಂಥ ಕಾನೂನು ಇದೇ ಮೊದಲು. ವಸೂಲಿಗೆ ಗೇಮಾ, ಗಾಯಕ ವಾದಕರ ಮತ್ತು ತಟ್ಟೆ ಕಂಪೆನಿಗಳ ಸಂಘವಾದ ಜಿ.ವಿ.ಎಲ್., ಬರಹಗಾರರ ಸಂಘ ಫೌ.ಗೇ. ವೋರ್ಟ್ ಸೇರಿ 1963ರಲ್ಲೇ ಒಂದು ಜಂಟಿ ಕಚೇರಿ ತೆರೆದಿದ್ದವು.

ಕಾನೂನು ಈ ಹಣವನ್ನು ಫೆರ್ಗ್ಯೂಟುಂಗ್ ಎನ್ನುತ್ತದೆ, ಅಂದರೆ ಸಂಭಾವನೆ. ಜನ ಆಡುಮಾತಿನಲ್ಲಿ ಆಬ್‌ಗಾಬೆ ಎನ್ನುತ್ತಾರೆ, ಅಂದರೆ ಕಂದಾಯ. ಪಡೆಯುವವನಿಗೆ ಒಂದು ಹೆಸರು, ಕೊಡುವವನಿಗೆ ಇನ್ನೊಂದು. ನಾವು ಸುಂಕವೆಂದೇ ಕರೆದಿದ್ದೇವೆ, ಏಕೆಂದರೆ ಊರಬಾಗಿಲಿನ ಸುಂಕದ ಕಟ್ಟೆಯ ಹಾಗೆ ಇದು ವಸ್ತು ಒಳಗೆ ಬರುವಾಗಲೇ ಹಿಡಿಯುತ್ತದೆ, ಮುಂದೆ ಅದರ ಉಪಯೋಗ ಏನೆಂದು ವಿಚಾರಿಸುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಇಲ್ಲಿಗೂ ಹೊಂದುತ್ತದೆ.

1963ರಲ್ಲಿ ಫಿಲಿಪ್ಸ್ ಕಂಪೆನಿ ಬರ್ಲಿನ್ ಪ್ರದರ್ಶನಕ್ಕೆ ತಂದ ಪುಟ್ಟ ಕ್ಯಾಸೆಟ್ಟು ಮುಂದಿನ ಹದಿನೈದು ವರ್ಷಗಳಲ್ಲಿ ಲೆಕ್ಕವನ್ನೆಲ್ಲ ಬುಡಮೇಲು ಮಾಡಿತು. ಯಂತ್ರದ ಬೆಲೆ ಇಳಿದಂತೆ ಶೇಕಡಾ 5 ಎಂಬುದು ಸಣ್ಣದಾಯಿತು. ಟೇಪಿನ ಮಾರಾಟವೋ ಏರುತ್ತಲೇ ಹೋಯಿತು, ಅದರ ಮೇಲೆ ಏನೂ ಇರಲಿಲ್ಲ. ಟೇಪನ್ನು ಹೊರಗಿಟ್ಟದ್ದು ತಪ್ಪೆಂದು ಸಂಯೋಜಕರು ಸಂವಿಧಾನ ನ್ಯಾಯಾಲಯದ ತನಕ ಹೋದರು, 1971ರಲ್ಲಿ ಸೋತು ಬಂದರು. ಆಸ್ಟ್ರಿಯಾ 1980ರಲ್ಲಿ ಖಾಲಿ ಕ್ಯಾಸೆಟ್ಟಿನ ಮೇಲೆಯೇ ಸುಂಕ ಹಾಕಿ ದಾರಿ ತೋರಿಸಿತು. ಪಶ್ಚಿಮ ಜರ್ಮನಿ 1985ರಲ್ಲಿ ಎರಡನ್ನೂ ಹಿಡಿಯಿತು: ರೆಕಾರ್ಡರಿಗೆ 2.50 ಮಾರ್ಕ್, ವೀಡಿಯೊ ಯಂತ್ರಕ್ಕೆ 18 ಮಾರ್ಕ್, ಖಾಲಿ ಟೇಪಿಗೆ ಗಂಟೆಯೊಂದಕ್ಕೆ 12 ಫೆನ್ನಿಗ್, ವೀಡಿಯೊ ಟೇಪಾದರೆ 17. ಫ್ರಾನ್ಸ್ ಕೂಡ ಅದೇ ವರ್ಷ ಕಾನೂನು ಮಾಡಿತು. ಅಲ್ಲಿ ವಸೂಲಾದ ಹಣದ ಕಾಲುಭಾಗವನ್ನು ಕಲಾಪ್ರದರ್ಶನ, ಹೊಸ ಕಲಾವಿದರ ತರಬೇತಿ ಮುಂತಾದ ಸಾರ್ವಜನಿಕ ಕೆಲಸಕ್ಕೆ ತೆಗೆದಿಡಬೇಕೆಂಬ ನಿಬಂಧನೆ ನಮಗೆ ಮೆಚ್ಚಿಕೆಯಾಯಿತು.

ಈಗ ಹಂಚಿಕೆಯ ಮಾತು. ಮನೆಯಲ್ಲಿ ಯಾರು ಏನು ಪ್ರತಿ ಮಾಡಿಕೊಂಡರೆಂದು ನೋಡಬಾರದೆಂಬುದೇ ಈ ವ್ಯವಸ್ಥೆಯ ತಳಹದಿ. ನೋಡದೆ ಇದ್ದಮೇಲೆ ಯಾರಿಗೆ ಎಷ್ಟು ಸಲ್ಲಬೇಕೆಂದು ತಿಳಿಯುವ ಬಗೆಯೂ ಇಲ್ಲ. ಆದ್ದರಿಂದ ರೇಡಿಯೊದಲ್ಲಿ ಯಾವ ಹಾಡು ಎಷ್ಟು ಸಲ ಬಂತು, ಯಾವ ತಟ್ಟೆ ಎಷ್ಟು ಮಾರಾಟವಾಯಿತು ಎಂಬ ಲೆಕ್ಕವನ್ನೇ ಅಳತೆಗೋಲಾಗಿ ಹಿಡಿದು ಹಂಚುತ್ತಾರೆ. ಬಾನುಲಿಯಲ್ಲಿ ಹೆಚ್ಚು ಬಂದದ್ದೇ ಮನೆಗಳಲ್ಲೂ ಹೆಚ್ಚು ದಾಖಲಾಗಿರಬೇಕೆಂಬ ಊಹೆ. ಸರಾಸರಿಗೆ ಇದು ತಪ್ಪಲ್ಲ. ನಾವೂ ಪ್ರಯೋಗಶಾಲೆಯಲ್ಲಿ ರಾಶಿಯ ಒಂದು ಚಮಚ ಪರೀಕ್ಷಿಸಿ ಇಡೀ ರಾಶಿಯ ಗುಣ ಹೇಳುತ್ತೇವೆ. ಆದರೆ ರಾಶಿಯನ್ನು ಚೆನ್ನಾಗಿ ಕಲಸಿರಬೇಕು. ಮೂಲೆಯಲ್ಲಿ ಬೇರೆಯಾಗಿ ಉಳಿದ ಹಿಡಿಯಷ್ಟು ಧಾನ್ಯ ಚಮಚಕ್ಕೆ ಸಿಕ್ಕುವುದೇ ಇಲ್ಲ.

ಈ ದೇಶದ ಕನ್ನಡಿಗರು ಅಂಥ ಹಿಡಿಯಷ್ಟು ಧಾನ್ಯ. ಎಂಬತ್ತರ ದಶಕದಲ್ಲಿ ರಾಜನ್-ನಾಗೇಂದ್ರರ ಚಿತ್ರಗೀತೆಯನ್ನೋ ಮೈಸೂರು ಅನಂತಸ್ವಾಮಿಯವರ ಭಾವಗೀತೆಯನ್ನೋ ಇಲ್ಲಿ ಒಬ್ಬರು ಪ್ರತಿ ಮಾಡಿಕೊಂಡರೆನ್ನಿ. ಭಾರತವೂ ಜರ್ಮನಿಯೂ ಬರ್ನ್ ಒಡಂಬಡಿಕೆಗೆ ಸೇರಿದ ದೇಶಗಳಾದ್ದರಿಂದ ಆ ಹಾಡಿಗೂ ಇಲ್ಲಿ ಕಾನೂನಿನ ರಕ್ಷಣೆ ಇತ್ತು. ಕೊಂಡವರು 18 ಫೆನ್ನಿಗ್ ಕೊಟ್ಟೂ ಇದ್ದರು. ಅದು ಹೋದದ್ದು ಮಾತ್ರ ಆ ವರ್ಷ ಇಲ್ಲಿಯ ಬಾನುಲಿಯಲ್ಲಿ ಮೆರೆದವರ ಲೆಕ್ಕಕ್ಕೆ. ಜರ್ಮನ್ ರೇಡಿಯೊದ ಅಳತೆಪಟ್ಟಿಯಲ್ಲಿ ಕನ್ನಡ ಹಾಡು ಎಷ್ಟು ಸಲ ಸಿಕ್ಕೀತು? ಪುರಂದರದಾಸರ ಕೀರ್ತನೆಯನ್ನು ಮನೆಯಾಕೆಯೇ ಹಾಡಿ ದಾಖಲಿಸಿದ್ದರೆ ಇನ್ನೂ ಸೊಗಸು. ಹದಿನಾರನೆಯ ಶತಮಾನದ ದಾಸರಿಗೆ ಕೃತಿಸ್ವಾಮ್ಯವಿಲ್ಲ, ಹಾಡಿದವರು ಯಾವ ಸಂಘದ ಸದಸ್ಯರೂ ಅಲ್ಲ; ಸುಂಕ ಮಾತ್ರ ಗಂಟೆಗೆ 12 ಫೆನ್ನಿಗ್‌ನಂತೆ ಸಂದಿತು.

ಗುಟ್ಟಾಗಿ ಹಣ ತೆಗೆದುಕೊಂಡರು ಎಂದು ಇದನ್ನು ದೂರುವವರಿದ್ದಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ಗುರುತಿನ ಚೀಟಿಯ ದಾರಿಗಿಂತ ಈ ದಾರಿ ಸಾವಿರ ಪಾಲು ಮೇಲು. ನಮ್ಮ ತಕರಾರು ಇರುವುದು ಹಂಚಿಕೆಯಲ್ಲಿ. ಯಾರನ್ನು ಅಳೆಯುತ್ತಾರೋ ಅವರಿಗೇ ಕೊಡುತ್ತಾರೆ. ಅಳತೆಗೆ ಸಿಕ್ಕದವರ ಪಾಲು ಅಳತೆಗೆ ಸಿಕ್ಕಿದವರಿಗೆ ಸೇರಿಹೋಗುತ್ತದೆ.

ಈ ಸಂದರ್ಭದಲ್ಲಿ ನಮ್ಮಂಥ ಸಂಘಗಳಿಗೆ ನೇರವಾಗಿ ತಟ್ಟುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸಭಾಭವನ ಹಿಡಿದು ಸಾರ್ವಜನಿಕವಾಗಿ ಹಾಡು ಹಾಡಿಸಿದರೆ ಗೇಮಾಕ್ಕೆ ತಿಳಿಸಿ ಹಣ ಕಟ್ಟಬೇಕೆಂಬುದು ಎಲ್ಲರಿಗೂ ಗೊತ್ತು. ಇಲ್ಲಿಯ ನ್ಯಾಯಾಲಯಗಳು ಬಹು ಕಾಲದಿಂದ ಗೇಮಾ ಊಹೆ ಎಂಬ ನಿಯಮವನ್ನು ಒಪ್ಪಿಕೊಂಡಿವೆ: ಮನರಂಜನೆಯ ಸಂಗೀತ ಎಲ್ಲಿ ಕೇಳಿಬಂದರೂ ಅದು ಗೇಮಾದ ಬುಟ್ಟಿಗೆ ಸೇರಿದ್ದೆಂದೇ ಭಾವಿಸತಕ್ಕದ್ದು; ಅಲ್ಲವೆಂದು ತೋರಿಸುವ ಹೊಣೆ ಹಾಡಿಸಿದವನದು. ಭಾರತದ ಕಾನೂನು ಮದುವೆಯ ಮೆರವಣಿಗೆ, ಧಾರ್ಮಿಕ ಸಮಾರಂಭಗಳ ಸಂಗೀತವನ್ನು ಬಿಟ್ಟುಕೊಟ್ಟಿದೆ. ಆ ಅಭ್ಯಾಸದಲ್ಲಿ ಬೆಳೆದ ನಮಗೆ ಇದು ಬಿಗಿಯೆನ್ನಿಸುವುದು ಸಹಜ. ಆದರೆ ಕಲಾವಿದರನ್ನು ಕರೆಸಿ ವೇದಿಕೆಯ ಮೇಲೆ ಹಾಡಿಸಿದಾಗ, ಹಾಡಿದ ಗೀತೆಗಳ ಪಟ್ಟಿಯನ್ನು, ರಚಿಸಿದವರ ಮತ್ತು ರಾಗ ಹಾಕಿದವರ ಹೆಸರಿನೊಡನೆ ಕಳಿಸಲು ಅವಕಾಶವಿದೆ, ಕಳಿಸಬೇಕೆಂಬ ನಿಯಮವೂ ಇದೆ. ಅನೇಕ ಕಡೆ ಕಾರ್ಯದರ್ಶಿಗಳು ಹಣ ಕಟ್ಟಿ ಪಟ್ಟಿ ಕಳಿಸಲು ಮರೆಯುತ್ತಾರೆ. ಹಾಗೆ ಮರೆತಾಗ ಕನ್ನಡದ ಕವಿಗೆ ಒಂದು ಕಾಸಾದರೂ ತಲುಪುವ ಸಾಧ್ಯತೆಯನ್ನು ನಮ್ಮ ಕೈಯಾರೆ ಮುಚ್ಚಿದಂತಾಗುತ್ತದೆ.

ಅಮೆರಿಕದವರು ಈ ವಿಷಯದಲ್ಲಿ ತಡವಾಗಿ, ಆದರೆ ತುಂಬ ನಿಖರವಾದ ಲೆಕ್ಕದೊಡನೆ ಬಂದರು. 1992ರ ಅಲ್ಲಿಯ ಕಾನೂನಿನಂತೆ ಅಂಕೀಯ ಧ್ವನಿಮುದ್ರಣದ ಯಂತ್ರಕ್ಕೆ ಶೇಕಡಾ 2, ಖಾಲಿ ಟೇಪು ಅಥವಾ ತಟ್ಟೆಗೆ ಶೇಕಡಾ 3. ಗಣಕದ ಉಪಯೋಗಕ್ಕೆಂದು ಮಾರುವ ತಟ್ಟೆಗೆ ಏನೂ ಇಲ್ಲ. ಇದರಿಂದ ಒಂದು ತಮಾಷೆ ನಡೆಯಿತು. ಅಂಗಡಿಯಲ್ಲಿ ಎರಡು ಬಗೆಯ ಖಾಲಿ ಸಿ.ಡಿ.ಗಳು ಅಕ್ಕಪಕ್ಕದಲ್ಲಿ ಕುಳಿತವು. ಒಂದರ ಮೇಲೆ ಸಂಗೀತಕ್ಕೆ ಎಂದು ಬರೆದಿತ್ತು, ಅದಕ್ಕೆ ಬೆಲೆ ಹೆಚ್ಚು. ಎರಡರಲ್ಲೂ ಅದೇ ಪಾಲಿಕಾರ್ಬೊನೇಟು, ಲೇಸರಿನ ಬಿಸಿಗೆ ಗುರುತು ಮೂಡಿಸಿಕೊಳ್ಳುವ ಅದೇ ಜಾತಿಯ ಸಾವಯವ ಬಣ್ಣ. ಸಂಗೀತ ತಟ್ಟೆಯ ಆರಂಭದಲ್ಲಿ ಕಾರ್ಖಾನೆಯವರು ಒಂದು ಸಣ್ಣ ಸಂಕೇತ ಬರೆದಿಟ್ಟಿರುತ್ತಿದ್ದರು. ಮನೆಯ ಸಂಗೀತ ಯಂತ್ರ ಆ ಸಂಕೇತವಿದ್ದರಷ್ಟೇ ಮುದ್ರಿಸುತ್ತಿತ್ತು. ನಮ್ಮ ವೃತ್ತಿಯವರು ಎಷ್ಟು ವಿಶ್ಲೇಷಣೆ ಮಾಡಿದರೂ ಎರಡು ತಟ್ಟೆಗಳ ನಡುವೆ ಸುಂಕಕ್ಕೆ ತಕ್ಕ ವ್ಯತ್ಯಾಸ ಕಾಣುತ್ತಿರಲಿಲ್ಲ.

ಹಂಚಿಕೆಯನ್ನು ಅಲ್ಲಿ ಕಾನೂನಿನಲ್ಲೇ ಬರೆದಿದ್ದಾರೆ, ಆದ್ದರಿಂದ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡಬಹುದು. ನೂರು ಡಾಲರು ಬಂತೆನ್ನಿ. ಮೂರನೆಯ ಎರಡು ಪಾಲು, ಅಂದರೆ 66.67, ಧ್ವನಿಮುದ್ರಣದ ನಿಧಿಗೆ, ಉಳಿದ 33.33 ಕೃತಿಗಳ ನಿಧಿಗೆ. ಮೊದಲಿನದರಲ್ಲಿ ಶೇಕಡಾ 4ನ್ನು ಹೆಸರಿಲ್ಲದ ಹಿನ್ನೆಲೆಯ ವಾದಕರಿಗೂ ಗಾಯಕರಿಗೂ ತೆಗೆದಿಟ್ಟು, ಮಿಕ್ಕದ್ದರಲ್ಲಿ ಶೇಕಡಾ 40 ಮುಖ್ಯ ಕಲಾವಿದರಿಗೆ, 60 ಕಂಪೆನಿಗಳಿಗೆ. ಎರಡನೆಯದರಲ್ಲಿ ರಚಿಸಿದವರಿಗೆ ಅರ್ಧ, ಪ್ರಕಾಶಕರಿಗೆ ಅರ್ಧ. ಕೂಡಿ ನೋಡಿದರೆ ಕಂಪೆನಿ ಮತ್ತು ಪ್ರಕಾಶಕರಿಗೆ ಸುಮಾರು 55 ಡಾಲರು. ಬರೆದವರು, ಹಾಡಿದವರು, ನುಡಿಸಿದವರು ಎಲ್ಲರೂ ಸೇರಿ 45. ಹಿನ್ನೆಲೆಯವರ ಪಾಲು ಮೂರು ಡಾಲರಿಗೂ ಕಡಮೆ. ಬಡ ಕಲಾವಿದನ ಹೆಸರು ಹೇಳಿಯೇ ಇಂಥ ಕಾನೂನುಗಳನ್ನು ಎಲ್ಲ ಕಡೆ ತರುತ್ತಾರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1999ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ರಿಯೊ ಎಂಬ ಜೇಬಿನ ಎಂ.ಪಿ.3 ಯಂತ್ರ ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನಿಸಿದ ಮೇಲೆ, ಜನ ಗಣಕಕ್ಕೂ ಜೇಬಿನ ಯಂತ್ರಕ್ಕೂ ತಿರುಗಿ, ಆ ನಿಧಿಯ ಒರತೆಯೇ ಬತ್ತುತ್ತ ಬಂತು.

ಬ್ರಿಟನ್ನಿನ ಕಥೆ ಚಿಕ್ಕದು. 1981ರಲ್ಲಿ ತಟ್ಟೆ ಕಂಪೆನಿಗಳು ಕ್ಯಾಸೆಟ್ಟಿನ ಕೆಳಗೆ ಎರಡು ಎಲುಬು ಇಟ್ಟ ಚಿತ್ರ ಮುದ್ರಿಸಿ, ಮನೆಯ ಪ್ರತಿ ಸಂಗೀತವನ್ನು ಕೊಲ್ಲುತ್ತಿದೆಯೆಂದು ಪ್ರಚಾರ ಮಾಡಿದವು. ಸುಂಕದ ಪ್ರಸ್ತಾಪ ಸರ್ಕಾರದ ಮಟ್ಟದಲ್ಲಿ ಚರ್ಚೆಗೂ ಬಂತು, ಆದರೆ 1988ರ ಕಾನೂನಿನಲ್ಲಿ ಸೇರಲಿಲ್ಲ. 2014ರಲ್ಲಿ ಸುಂಕವಿಲ್ಲದೆಯೇ ಮನೆಯ ಪ್ರತಿಗೆ ಅನುಮತಿ ಕೊಟ್ಟರು. ಮರುವರ್ಷವೇ ಲಂಡನ್ನಿನ ಉಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹೀಗಾಗಿ ಅಲ್ಲಿ ತನ್ನದೇ ಸಿ.ಡಿ.ಯನ್ನು ತನ್ನ ಗಣಕಕ್ಕೆ ಇಳಿಸಿಕೊಂಡವನೂ ಕಾಗದದ ಮೇಲೆ ತಪ್ಪಿತಸ್ಥ. ಹಿಡಿಯುವವರು ಯಾರೂ ಇಲ್ಲ. ಭಾರತದಲ್ಲಿ ಸ್ವಂತ ಉಪಯೋಗಕ್ಕೆ ನ್ಯಾಯವಾದ ಬಳಕೆಯೆಂಬ ವಿನಾಯಿತಿ ಇದೆ, ಸುಂಕವಿಲ್ಲ.

ಜರ್ಮನಿಯಲ್ಲಿ ಕ್ಯಾಸೆಟ್ಟು ಹೋದರೂ ಸುಂಕ ಹೋಗಲಿಲ್ಲ. 2001ರ ಐರೋಪ್ಯ ನಿರ್ದೇಶನ, ಮನೆಯ ಪ್ರತಿಗೆ ಅವಕಾಶ ಕೊಡುವ ದೇಶ ಹಕ್ಕುದಾರರಿಗೆ ನ್ಯಾಯವಾದ ಪರಿಹಾರ ಕೊಡಿಸಬೇಕೆಂದಿತು. 2008ರಿಂದ ಇಲ್ಲಿ ದರವನ್ನು ಕಾನೂನಿನಲ್ಲಿ ಬರೆಯುವ ಬದಲು ಸಂಘಗಳೂ ತಯಾರಕರೂ ಕೂತು ಮಾತನಾಡಿ ನಿಶ್ಚಯಿಸುವಂತಾಯಿತು. ಮಾತುಕತೆಗಳು ವರ್ಷಗಟ್ಟಲೆ ನಡೆದು, 2010ರ ದಶಕದ ಒಪ್ಪಂದಗಳಲ್ಲಿ ಮನೆಬಳಕೆಯ ಗಣಕಕ್ಕೆ 13.1875 ಯೂರೋ, ಮೊಬೈಲ್ ಫೋನಿಗೆ 6.25 ಯೂರೋ ಎಂದು ಗೊತ್ತಾಯಿತು. ದುಡ್ಡಿನ ಲೆಕ್ಕದಲ್ಲಿ ನಾಲ್ಕು ದಶಾಂಶ ಸ್ಥಾನಗಳನ್ನು ನಾವು ಬೇರೆಲ್ಲೂ ಕಂಡಿಲ್ಲ. ಪ್ರಯೋಗಶಾಲೆಯ ತಕ್ಕಡಿಯಲ್ಲಿ ಮಾತ್ರ ಕಂಡಿದ್ದೇವೆ. ಈ ಹಣದಲ್ಲಿ ಸಂಗೀತದ್ದಲ್ಲದೆ ಚಲನಚಿತ್ರ, ಬರಹಗಳ ಪಾಲೂ ಇದೆ. ವೈಜ್ಞಾನಿಕ ಪ್ರಬಂಧ ಬರೆಯುವವರೂ ಬರಹಗಾರರ ಸಂಘದಲ್ಲಿ ಹೆಸರು ಕೊಟ್ಟರೆ ನಕಲಿನ ಸುಂಕದಲ್ಲಿ ಪಾಲು ಪಡೆಯಬಹುದು. ನಮ್ಮಲ್ಲಿ ಸಂಶೋಧನೆ ಮಾಡುವ ಸದಸ್ಯರು ಗಮನಿಸಲಿ.

ಕಚೇರಿಯ ಕೆಲಸಕ್ಕೆ ಕೊಂಡ ಗಣಕಕ್ಕೂ ಹಾಡಿನ ಸುಂಕವೇ? ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಲ್ಲವೇ? ಸ್ಪೇನಿನ ಪದವಾನ್ ಎಂಬ ಅಂಗಡಿಯವರು ಇದನ್ನು ಕೇಳಿದರು. 2010ರ ಅಕ್ಟೋಬರ್ 21ರಂದು ಐರೋಪ್ಯ ನ್ಯಾಯಾಲಯ, ಸ್ವಂತ ಪ್ರತಿಗೆ ಸಂಬಂಧವೇ ಇಲ್ಲದ ವೃತ್ತಿಬಳಕೆಯ ಸಾಧನಗಳ ಮೇಲೆ ಒಂದೇ ಸಮ ಸುಂಕ ಹಾಕುವುದು ಸಲ್ಲದೆಂದಿತು. ಸಾಮಾನ್ಯ ಮನುಷ್ಯ ಕೊಂಡರೆ ಅವನು ಪ್ರತಿ ಮಾಡಿಯೇ ಮಾಡುತ್ತಾನೆಂದು ಊಹಿಸಬಹುದು, ನಿಜವಾಗಿ ಮಾಡಿದನೆಂದು ತೋರಿಸಬೇಕಾಗಿಲ್ಲ, ಎಂದೂ ಅದೇ ತೀರ್ಪಿನಲ್ಲಿದೆ. ಸ್ಪೇನ್ 2012ರಿಂದ ಸುಂಕವನ್ನೇ ಬಿಟ್ಟು ಸರ್ಕಾರದ ಬೊಕ್ಕಸದಿಂದ ಕೊಟ್ಟು ನೋಡಿತು. ಆಗ ಫೋನಿಲ್ಲದ ಮುದುಕಿಯೂ ಕಂಪೆನಿಗಳೂ ತೆರಿಗೆಯ ಮೂಲಕ ಕೊಟ್ಟಂತಾಗುವುದರಿಂದ 2016ರಲ್ಲಿ ಐರೋಪ್ಯ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. 2017ರಲ್ಲಿ ಹಳೆಯ ಸುಂಕ ಮರಳಿ ಬಂತು.

ಈಗ ಬಹಳ ಜನ ಹಾಡನ್ನು ಪ್ರತಿ ಮಾಡಿಕೊಳ್ಳುವುದೇ ಇಲ್ಲ. ತಿಂಗಳ ಚಂದಾ ಕಟ್ಟಿ ಕೇಳುತ್ತಾರೆ, ಅದೇ ಫೋನಿಗೆ ಸುಂಕವನ್ನೂ ಕೊಟ್ಟಿರುತ್ತಾರೆ. ತಮ್ಮ ಬಳಿಯಿರುವ ಹಳೆಯ ಹಾಡುಗಳನ್ನು ಇನ್ನೊಬ್ಬರ ಗಣಕಕೇಂದ್ರದಲ್ಲಿ, ಮೋಡ ಎಂದು ಕರೆಯುವ ಜಾಗದಲ್ಲಿ, ಇಡುವವರೂ ಇದ್ದಾರೆ. ಹಾಗೆ ಇಡುವುದೂ ಮನೆಯ ಪ್ರತಿಯೇ ಎಂದು 2022ರ ಮಾರ್ಚ್ 24ರಂದು ಐರೋಪ್ಯ ನ್ಯಾಯಾಲಯ ಆಸ್ಟ್ರಿಯಾದ ಸಂಘವೊಂದರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆದರೆ ಆ ಕೇಂದ್ರ ನಡೆಸುವವನಿಂದಲೇ ಹಣ ತೆಗೆದುಕೊಳ್ಳಬೇಕಾಗಿಲ್ಲ. ಜನ ಕೊಳ್ಳುವ ಫೋನು, ಗಣಕಗಳ ಸುಂಕದಲ್ಲಿ ಪರಿಹಾರ ಸಾಕಷ್ಟು ಬರುತ್ತಿದ್ದರೆ ಅಷ್ಟು ಸಾಕು ಎಂದು ಅದನ್ನು ಆಯಾ ದೇಶದ ವಿವೇಚನೆಗೆ ಬಿಟ್ಟಿದೆ.